ದಾಖಲೆಗೆ ಸೇರದ್ದು

ಮೂವತ್ತೊಂದು ವರ್ಷ ನಿಮ್ಮ ಮಾತನ್ನು ಟೈಪು ಮಾಡಿದವಳು ನಾನು,
ಲಾಕ್ಲನ್ ಮಕೆಕರ್ನ್.
ನೀವು ಉಗುಳು ನುಂಗಿದ ಕಡೆ ಅಲ್ಪವಿರಾಮ ಹಾಕಿದೆ,
ಕೆಮ್ಮಿದರೆ "ವಕೀಲರು ಕೆಮ್ಮಿದರು" ಎಂದೆ.
ಸುಮ್ಮನೆ ನಿಂತರೆ ಮಾತ್ರ ನನ್ನ ಬೆರಳೂ ನಿಲ್ಲುತ್ತಿತ್ತು.
ಆ ಯಂತ್ರದಲ್ಲಿ ಅದಕ್ಕೊಂದು ಕೀಲಿಯಿರಲಿಲ್ಲ.

ಇವತ್ತು ಚರ್ಚಿನಲ್ಲಿ ಓದಿದರು:
ದಕ್ಷ ನ್ಯಾಯವಾದಿ, ಪ್ರೀತಿಯ ಪತಿ, ನಾಲ್ವರ ತಂದೆ.
ಪಾದ್ರಿ ಹೊಸಬ, ಕೇಪ್ ಬ್ರೆಟನ್ನಿಗೆ ಬಂದು ಒಂದು ಚಳಿಗಾಲವೂ ಆಗಿಲ್ಲ,
ನಿಮ್ಮ ಹೆಸರಿನಲ್ಲೇ ಎಡವಿದ.
ಹಿಂದಿನ ಬೆಂಚಿನಲ್ಲಿ ಮುದುಕರು ಸಾಲಾಗಿ ಕೂತು
ಎದೆಯೊಳಗಿನ ಗಣಿಯನ್ನು ಕರ್ಚೀಫಿನಲ್ಲಿ ಅದುಮಿಕೊಂಡಿದ್ದರು.
ಆಕ್ಷೇಪಣೆ ಎತ್ತಲು ನೀವಿರಲಿಲ್ಲ.

ಮರ್ಡಾಕ್ ಗಿಲ್ಲಿಸನ ಹೆಂಡತಿಯ ಕೇಸು ನೆನಪಿದೆ.
ಅವನನ್ನು ಕೊಂದದ್ದು ಸಿಗರೇಟು ಎಂದು
ಕಂಪನಿಯ ಡಾಕ್ಟರು ಪ್ರಮಾಣ ಮಾಡಿ ಹೇಳಿದ.
ಪಾಟೀಸವಾಲಿಗೆ ಎದ್ದವರು ನೀವು ಏನೂ ಕೇಳಲಿಲ್ಲ.
ಎಕ್ಸ್‌ರೇ ಹಾಳೆ ತೆಗೆದು
ಸಮುದ್ರದ ಕಡೆಯ ಕಿಟಕಿಗೆ ಒತ್ತಿ ಹಿಡಿದಿರಿ.
ಫೆಬ್ರವರಿಯ ಬಿಸಿಲು, ಹೊರಗೆ ಹೆಪ್ಪುಗಟ್ಟಿದ ಕೊಲ್ಲಿ,
ಆ ಬಿಳಿಯ ಮೇಲೆ ಒಬ್ಬ ಮನುಷ್ಯನ ಎರಡು ಶ್ವಾಸಕೋಶ,
ಅದರ ತುಂಬ ರಾತ್ರಿಪಾಳಿ.
ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿದರು.
ನನ್ನ ಕಾಗದದಲ್ಲಿ ಆ ಎರಡು ನಿಮಿಷ ಬರೀ ಖಾಲಿ.

ಆ ಕೇಸು ಸೋತಿರಿ.
ಸೋತದ್ದೇ ಹೆಚ್ಚು, ಇವತ್ತು ಯಾರೂ ಅದನ್ನು ಹೇಳಲಿಲ್ಲ.
ಮೇಲ್ಮನವಿ, ಮತ್ತೆ ಮೇಲ್ಮನವಿ, ಅದರ ಮೇಲೊಂದು ವಾಯಿದೆ;
ಹಣ ಬರುವ ಹೊತ್ತಿಗೆ ಕಕ್ಷಿದಾರ ಮಣ್ಣು ಸೇರಿರುತ್ತಿದ್ದ.
ಇದ್ದಲಿನವನಿಗೆ ಅದೇನು ಹೊಸ ಜಾಗವಲ್ಲ ಎಂದು
ಕಾರಿಡಾರಿನಲ್ಲಿ ಒಮ್ಮೆ ನಕ್ಕಿರಿ, ಕಣ್ಣು ನಗಲಿಲ್ಲ.
ಫೀಸಿನ ಬದಲು ಬಕೆಟ್ಟು ತುಂಬ ಮ್ಯಾಕೆರೆಲ್ ಮೀನು,
ಒಂದೇ ಕೈಗೆ ಹೆಣೆದ ಗವಸು, ಇನ್ನೊಂದು ತೀರ್ಪಾದ ಮೇಲೆ,
ಒಮ್ಮೆ ಜೀವಂತ ಬಾತು. ಅದು ದಾವೆ ಮುಗಿದು ಎಷ್ಟೋ ವರ್ಷ
ನಿಮ್ಮ ಹಿತ್ತಲಲ್ಲಿ ಬದುಕಿತು, ಯಾರೂ ಕೊಯ್ಯಲಿಲ್ಲ.
"ಈ ಸಲವೂ ಮೀನೇ?" ಎಂದು ಯೂಫೀಮಿಯ ಬಾಗಿಲಲ್ಲೇ ಕೇಳುತ್ತಿದ್ದರಂತೆ,
ಬಾಣಲೆಯನ್ನು ಆಗಲೇ ಒಲೆಗಿಟ್ಟು.

ನನಗೆ ಮಾತ್ರ ಕಂಡದ್ದೊಂದಿದೆ. ನನ್ನ ಮೇಜು ನಿಮ್ಮದಕ್ಕಿಂತ ತಗ್ಗು.
ಎದುರಿನ ವಕೀಲ ಗಂಟೆಗಟ್ಟಲೆ ಕಲಂ ಓದುವಾಗ
ಮೇಜಿನಡಿ ನಿಮ್ಮ ಬೆರಳುಗಳು
ಮಡಚಿಕೊಳ್ಳುತ್ತಿದ್ದವು, ಬಿಚ್ಚಿಕೊಳ್ಳುತ್ತಿದ್ದವು,
ಹೆಬ್ಬೆರಳು ತೋರುಬೆರಳನ್ನು ಮುಟ್ಟಿ, ಹಿಂಜರಿದು, ಮತ್ತೆ ಮುಟ್ಟಿ.
ನರದ ಕಾಯಿಲೆಯೋ ಏನೋ ಎಂದು ಹೆದರಿದ್ದೆ.
ವರ್ಷಗಳಾದ ಮೇಲೆ ತಿಳಿಯಿತು:
ಕಿವಿ ಕೇಳದ ಮೊರಾಗ್‌ಗೆ ಸಂಜೆ ಹೇಳಬೇಕಾದ ಕಥೆಯನ್ನು
ಹಗಲೇ ಬಾಯಿಪಾಠ, ಅಲ್ಲ, ಕೈಪಾಠ ಮಾಡುತ್ತಿದ್ದಿರಿ.
ಮೂರೂಮುಕ್ಕಾಲಕ್ಕೆ ನೀವು ಕೇಳುತ್ತಿದ್ದ ವಾಯಿದೆಗಳಿಗೆ
ಕಡತದಲ್ಲಿ "ವೈಯಕ್ತಿಕ ಕಾರಣ" ಎಂದಿದೆ.
ಶಾಲೆಯ ಬಸ್ಸು ನಾಲ್ಕಕ್ಕೆ.

ಗುಂಡಿಯ ಹತ್ತಿರ ಮೊರಾಗ್ ಕೈಗವಸು ಕಳಚಿದಳು.
ಅಂಥ ಗಾಳಿಯಲ್ಲಿ, ಬರಿಗೈಯಲ್ಲಿ, ಬಹಳ ಹೊತ್ತು ಮಾತಾಡಿದಳು.
ಅಣ್ಣಂದಿರು ತಲೆ ತಗ್ಗಿಸಿದರು.
ಯೂಫೀಮಿಯ ಫಕ್ಕನೆ ನಕ್ಕುಬಿಟ್ಟರು.
ಏನಂತೆ ಎಂದೆ. ಕಣ್ಣೊರೆಸಿಕೊಂಡು ಅಂದರು:
ತಡವಾಗಿ ಬಂದ ರಾತ್ರಿ ಕ್ಷಮಿಸು ಎನ್ನಲು ಹೋಗಿ
ಅಪ್ಪ ಪ್ರತಿ ಸಲವೂ ಬೆಣ್ಣೆ ಹಚ್ಚು ಅನ್ನುತ್ತಿದ್ದನಂತೆ.
ತಾನು ಒಮ್ಮೆಯೂ ತಿದ್ದಲಿಲ್ಲವಂತೆ.

ಯಾವ ಜಡ್ಜಿಗೂ ಬೆಣ್ಣೆ ಹಚ್ಚದ ಮನುಷ್ಯ!

ಮನೆಗೆ ಬಂದು ಯಂತ್ರದ ಮುಂದೆ ಕೂತಿದ್ದೇನೆ, ಕೋಟು ಬಿಚ್ಚಿಲ್ಲ.
ಹೊರಗೆ ಹಿಮ ಶುರುವಾಗಿದೆ.
ಬೆರಳು ಕೀಲಿಗಳ ಮೇಲಿಲ್ಲ.
ಮೊರಾಗ್ ಮಾಡಿದ್ದನ್ನು ನೆನಪಿನಿಂದ ಮಾಡಿ ನೋಡುತ್ತಿದ್ದೇನೆ,
ಖಂಡಿತ ತಪ್ಪಾಗಿ.